ಮಾದರಿ ವಿಮಾನ: ಇಂಧನ ಅಗ್ಗವೋ, ವಿದ್ಯುತ್ ಅಗ್ಗವೋ?

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಬರೀ ಆಟಿಕೆಯಲ್ಲ. ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳೂ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಅದನ್ನು ಕಟ್ಟಿ ಹಾರಿಸಿ ಕಲಿಯುತ್ತಾರೆ. ನಿಮಗೂ ಆಸಕ್ತಿ ಇದ್ದರೆ ಮೊದಲು ಎದುರಾಗುವ ಪ್ರಶ್ನೆ ಖರ್ಚಿನದು. ಇಂಧನದ ಇಂಜಿನ್ ಕೊಳ್ಳಬೇಕೋ, ವಿದ್ಯುತ್ ಮೋಟಾರ್ ಕೊಳ್ಳಬೇಕೋ? ಒಂದು ಸಾಧಾರಣ ತರಬೇತಿ ವಿಮಾನವನ್ನು ಹಿಡಿದು ಲೆಕ್ಕ ಹಾಕೋಣ. ಇಲ್ಲಿನ ಬೆಲೆಗಳು ಉದಾಹರಣೆಗೆ ಮಾತ್ರ. ನಿಮ್ಮೂರಿನ ದರ ಹಾಕಿ ನೀವೇ ಗುಣಿಸಿ ನೋಡಿ.

ಮೊದಲು ಇಂಧನ. 6.5 ಸಿಸಿಯ ಗ್ಲೋ ಇಂಜಿನ್ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣದಿಂದ ಓಡುತ್ತದೆ. 10 ನಿಮಿಷದ ಹಾರಾಟಕ್ಕೆ ಸುಮಾರು 250 ಮಿ.ಲೀ. ಬೇಕು. ಲೀಟರಿಗೆ 800 ರೂಪಾಯಿ ಎಂದರೆ ಒಂದು ಹಾರಾಟಕ್ಕೆ 200, ನಿಮಿಷಕ್ಕೆ 20 ರೂಪಾಯಿ.

ಈಗ ವಿದ್ಯುತ್. ಅಷ್ಟೇ ಗಾತ್ರದ ವಿಮಾನಕ್ಕೆ ನಾಲ್ಕು ಸೆಲ್‌ಗಳ, 14.8 ವೋಲ್ಟಿನ, 3300 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ ಸಾಕು. ಅದರಲ್ಲಿ ಶೇಕಡ 80ರಷ್ಟನ್ನು ಬಳಸಿ ಸುಮಾರು 8 ನಿಮಿಷ ಹಾರಿಸಬಹುದು. ಮತ್ತೆ ಚಾರ್ಜ್ ಮಾಡಲು ನಷ್ಟವೂ ಸೇರಿ ಒಂದು ಯೂನಿಟ್ಟಿನ ಇಪ್ಪತ್ತನೇ ಒಂದು ಭಾಗ ಸಾಕು. ಯೂನಿಟ್ಟಿಗೆ 8 ರೂಪಾಯಿ ಎಂದರೆ ಕೇವಲ 40 ಪೈಸೆ!

ಇಷ್ಟಕ್ಕೇ ಲೆಕ್ಕ ಮುಗಿಸಿದವರು ಮೋಸ ಹೋಗುತ್ತಾರೆ. ಇಂಧನದವನು ಎಣ್ಣೆಗೆ ಆಗಾಗ ಹಣ ಕೊಡುತ್ತಾನೆ. ವಿದ್ಯುತ್ತಿನವನು ಬ್ಯಾಟರಿ ಕೊಳ್ಳುವಾಗಲೇ ಮುಂಗಡವಾಗಿ ಕೊಟ್ಟಿರುತ್ತಾನೆ. 4500 ರೂಪಾಯಿಯ ಬ್ಯಾಟರಿ 150 ಹಾರಾಟ ಬಾಳಿದರೆ ಹಾರಾಟಕ್ಕೆ 30 ರೂಪಾಯಿ, ನಿಮಿಷಕ್ಕೆ 4 ರೂಪಾಯಿಗೂ ಕಡಿಮೆ. ಅದೇ ಬ್ಯಾಟರಿಯನ್ನು 20 ಹಾರಾಟದಲ್ಲಿ ಕೆಡಿಸಿದರೆ ನಿಮಿಷಕ್ಕೆ 28 ರೂಪಾಯಿ, ಇಂಧನಕ್ಕಿಂತ ದುಬಾರಿ. ಈ ದರದಲ್ಲಿ ಕನಿಷ್ಠ 29 ಹಾರಾಟ ಬಾಳಿದರೆ ಮಾತ್ರ ವಿದ್ಯುತ್ತಿನಿಂದ ಉಳಿತಾಯ.

ಆದ್ದರಿಂದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬೇಡಿ. ಹಾರಿಸದ ದಿನಗಳಲ್ಲಿ ಪೂರ್ತಿ ತುಂಬಿಸಿಯೂ ಇಡಬೇಡಿ. ಪ್ರತಿ ಸೆಲ್ ಸುಮಾರು 3.8 ವೋಲ್ಟ್‌ನಲ್ಲಿರಲಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಸರಿಯಾದ ಚಾರ್ಜರ್ ಬಳಸಿ, ಚಾರ್ಜ್ ಆಗುವಾಗ ಬಳಿಯಲ್ಲೇ ಇರಿ. ಪೆಟ್ಟು ತಿಂದ ಅಥವಾ ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಇಂಧನವೂ ನಿರಪಾಯವಲ್ಲ. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು ಕಳೆಯಬಹುದು, ಜೀವವೇ ಹೋಗಬಹುದು. ಅದರ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ.

ಇನ್ನೊಂದು ಮಾತು. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ. ವರ್ಷಕ್ಕೆ ಐದಾರು ಬಾರಿ ಹಾರಿಸುವವನಿಗೆ 150 ಹಾರಾಟದ ಲಾಭ ಎಂದೂ ಸಿಗದು. ಹತ್ತು ವಿದ್ಯಾರ್ಥಿಗಳು ಸೇರಿ ಒಂದು ವಿಮಾನ, ಒಂದು ಚಾರ್ಜರ್, ಎರಡು ಬ್ಯಾಟರಿ ಇಟ್ಟುಕೊಂಡರೆ ಹಾರಾಟಗಳ ಸಂಖ್ಯೆ ಬೇಗ ಏರುತ್ತದೆ, ಪ್ರತಿ ಹಾರಾಟದ ಖರ್ಚು ಇಳಿಯುತ್ತದೆ. ಒಬ್ಬನಿಗೆ ಭಾರವಾದದ್ದು ತಂಡಕ್ಕೆ ಹಗುರ. ಆದ್ದರಿಂದ ಹೊಸದಾಗಿ ಕಲಿಯುವ ತಂಡಕ್ಕೆ ವಿದ್ಯುತ್ತೇ ಮೇಲು ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೇ, ಬ್ಯಾಟರಿಯ ಮೇಲೆ ಕೊಂಡ ದಿನಾಂಕ ಬರೆಯಿರಿ, ಪ್ರತಿ ಹಾರಾಟವನ್ನೂ ಪುಸ್ತಕದಲ್ಲಿ ಗುರುತು ಹಾಕಿ. ಆ ಪುಸ್ತಕವೇ ನಿಮಗೆ ಅಗ್ಗ ಯಾವುದು, ದುಬಾರಿ ಯಾವುದು ಎಂದು ಹೇಳುತ್ತದೆ.