ಕುಂಡದ ಮಣ್ಣಿಗೂ ಉಸಿರು ಬೇಕು

(ಚಿತ್ರದುರ್ಗದಲ್ಲಿ ಸಸಿ ಬೆಳೆಸುವವರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಜೋಗಿಮಟ್ಟಿಯ ಗಿರಿಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ನಮ್ಮ ಸೀಮೆಯ ಗಾಳಿ ಅಷ್ಟು ಬಲವಾದುದು. ಆಷಾಢದಲ್ಲಿ ಅದೇ ಗಾಳಿ ಮಾಳಿಗೆಯ ಮೇಲಿನ ಕುಂಡಗಳನ್ನೂ ಉರುಳಿಸುತ್ತದೆ. ಆ ಭಯಕ್ಕೆ ನಾವು ಕುಂಡದ ಮಣ್ಣನ್ನು ಗುದ್ದಿ ಗಟ್ಟಿಮಾಡುತ್ತೇವೆ. ಗಿಡ ಬೀಳುವುದಿಲ್ಲ, ನಿಂತಲ್ಲೇ ಸಾಯುತ್ತದೆ.

ಬೇರಿಗೆ ನೀರಿನಷ್ಟೇ ಗಾಳಿಯೂ ಅವಶ್ಯ. ಮಣ್ಣಿನ ಕಣಗಳ ನಡುವಣ ಸಂದುಗಳಿಂದ ಆಮ್ಲಜನಕ ದೊರೆತರೆ ಮಾತ್ರ ಬೇರು ಸರಿಯಾಗಿ ನೀರು ಹೀರಬಲ್ಲದು. ಸಂದು ಮುಚ್ಚಿದರೆ ಒದ್ದೆ ಮಣ್ಣಿನಲ್ಲಿಯೇ ಗಿಡ ಬಾಡುತ್ತದೆ. ಬಾಡಿತೆಂದು ನಾವು ಮತ್ತಷ್ಟು ನೀರು ಹೊಯ್ಯುತ್ತೇವೆ!

ಹಿರಿಯೂರಿನ ಕಡೆಯ ಎರೆಮಣ್ಣು ನೆನೆದರೆ ಅಂಟು, ಒಣಗಿದರೆ ಬಿರುಕು. ಅದೊಂದನ್ನೇ ಕುಂಡಕ್ಕೆ ತುಂಬಬಾರದು. ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಕೆಂಪುಮಣ್ಣು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ 1 ಪಾಲು, ತೆಂಗಿನ ನಾರಿನ ಪುಡಿ 1 ಪಾಲು ಬೆರೆಸಿದರೆ ಮಣ್ಣು ಹಗುರಾಗುತ್ತದೆ. ಪುಡಿಯನ್ನು ಮೊದಲು ಎರಡು ಮೂರು ಬಾರಿ ತೊಳೆದು ಉಪ್ಪಿನಂಶ ಕಳೆಯಬೇಕು. ಮರಳಿಗಾಗಿ ವೇದಾವತಿಯ ಒಡಲನ್ನು ಬಗೆಯಬೇಕಾಗಿಲ್ಲ. ಯೂರೋಪಿನಲ್ಲಿ ಕುಂಡಗಳಿಗಾಗಿ ಜೌಗುನೆಲದ ಪೀಟ್ ಅಗೆದು, ಸಾವಿರಾರು ವರ್ಷ ಭೂಮಿ ಕೂಡಿಟ್ಟ ಇಂಗಾಲವನ್ನು ಹೊರಬಿಟ್ಟಿದ್ದಾರೆ. ತೆಂಗಿನ ಸೀಮೆಯ ನಮಗೆ ಅದರ ಹಂಗೇಕೆ?

ತಳದಲ್ಲಿ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆಯುಂಟು. ಆದರೆ ನುಣುಪಾದ ಮಣ್ಣು ತನ್ನ ನೀರನ್ನು ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡದು. ತೇವವು ಬೇರಿನ ಹತ್ತಿರವೇ ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ತಳ ಅಗಲವಾದ ಮಣ್ಣಿನ ಕುಂಡಗಳನ್ನು ಆರಿಸಿ, ಗೋಡೆಯ ಮರೆಯಲ್ಲಿ ಒತ್ತೊತ್ತಾಗಿರಿಸಿ. ಭಾರಕ್ಕೆಂದು ಕಲ್ಲು ಬೇಕಿದ್ದರೆ ಕುಂಡದ ಹೊರಗೆ, ಬುಡಕ್ಕೆ ಆನಿಸಿಡಿ.

ಇದು ಮಾಳಿಗೆಯ ಹೂಗಿಡಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಗುಡ್ಡದಲ್ಲಿ ನೆಡುವ ಸಸಿಯೂ ಮೊದಲು ಚೀಲದಲ್ಲಿಯೇ ಬೆಳೆಯುತ್ತದೆ. ಅಲ್ಲಿ ಸುರುಳಿ ಸುತ್ತಿದ ಬೇರನ್ನು ಬಿಡಿಸದೆ ನೆಟ್ಟರೆ, ಆ ಸುರುಳಿ ಮರವಾದ ಮೇಲೂ ಉಳಿದು, ಗಾಳಿಗೆ ಬುಡಸಮೇತ ಉರುಳಲು ಕಾರಣವಾಗಬಹುದು. ನೆಡುವ ದಿನ ಎಲ್ಲರೂ ಎಲೆಯ ಹಸಿರನ್ನು ನೋಡುತ್ತಾರೆ. ತಾವು ಚೀಲ ಹರಿದು ಬೇರನ್ನೊಮ್ಮೆ ನೋಡಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.