ಏನೂ ನಡೆದಿಲ್ಲ ಅಂದ್ರೆ ಏನು ನಡೆದಿಲ್ಲ?

ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಭಾಷಣ ನನ್ನ ಕಸುಬಲ್ಲ. ಇದೇ ವಿಷಯ ಯಾಕಪ್ಪಾ ಅಂತ ಕಾರ್ಯದರ್ಶಿಗಳು ಎರಡು ಸಲ ಕೇಳಿದರು. ಕ್ಯಾಂಪಿನಲ್ಲಿ ರಾತ್ರಿ ಲೈಟ್ ಆರಿಸಿದ ಮೇಲೆ ನಾವೆಲ್ಲ ಮಾತಾಡೋದೇ ಇದನ್ನ, ಒಂದ್ಸಲ ಲೈಟ್ ಹಾಕ್ಕೊಂಡು ಮಾತಾಡೋಣ ಅಂದೆ.

ನಮ್ಮ ರೂಮಿನ ಒಬ್ಬರ ವಿಷಯ. ಅವರನ್ನ ಕೇಳಿಯೇ ಹೇಳ್ತಿದ್ದೀನಿ, ಹೆಸರು ಬೇಡ. ಹತ್ತು ತಿಂಗಳು ಒಬ್ಬ ಹೆಂಗಸಿನ ಜೊತೆ ರಾತ್ರಿ ವಿಡಿಯೋ ಕಾಲ್. ಏನು ನೋಡಿದರು, ಏನು ತೋರಿಸಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಊರಲ್ಲಿ ಹೆಂಡತಿಗೆ ಗೊತ್ತಾಯ್ತು. ಇವರದ್ದು ಒಂದೇ ಉತ್ತರ, "ಏನೂ ನಡೆದಿಲ್ಲ ಮಾರಾಯ್ತಿ, ಮುಟ್ಟಿಯೂ ಇಲ್ಲ." ರೂಮಿನ ಆರು ಜನರಲ್ಲಿ ನಾಲ್ಕು ಜನ ಅವರ ಪರ. ನಾನು ಕೇಳಿದೆ, "ಅಣ್ಣಾ, ಇದನ್ನೇ ಅತ್ತಿಗೆ ಮಾಡಿದ್ರೆ?" ಮಲಗಿದ್ದವರು ಎದ್ದು ಕೂತರು. "ಅದು ಬೇರೆ" ಅಂದರು. ಹೇಗೆ ಬೇರೆ ಅಂತ ಇವತ್ತಿಗೂ ಹೇಳಿಲ್ಲ.

ನನ್ನ ತಕರಾರು ಇಷ್ಟೇ. ಸೆಕ್ಸ್ ಅಂದ್ರೆ ಯಾವುದು ಅಂತ ನಾವು ಮೊದಲೇ ತೀರ್ಮಾನ ಮಾಡಲ್ಲ. ಸಿಕ್ಕಿಬಿದ್ದ ಮೇಲೆ, ತಪ್ಪಿಸಿಕೊಳ್ಳೋಕೆ ಎಷ್ಟು ಬೇಕೋ ಅಷ್ಟಕ್ಕೆ ಅಳತೆ ಮಾಡ್ತೀವಿ. 1998ರಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಮಾಡಿದ್ದೂ ಇದೇ. ಲೈಂಗಿಕ ಸಂಬಂಧ ಇರಲಿಲ್ಲ ಅಂತ ಟಿವಿಯಲ್ಲಿ ಹೇಳಿದರು. ನಡೆದದ್ದು ಹೊರಗೆ ಬಂದ ಮೇಲೆ, ಕೇಸಿನಲ್ಲಿ ವಕೀಲರು ಕೊಟ್ಟಿದ್ದ ವ್ಯಾಖ್ಯೆಯೊಳಗೆ ಅದು ಬರಲ್ಲ ಅಂತ ವಾದ!

ನನ್ನ ಕಸುಬಿನಲ್ಲಿ ಹೇಳ್ತೀನಿ. ಎಂಸಿಬಿ ಟ್ರಿಪ್ ಆಗಿಲ್ಲ ಅಂದ್ರೆ ಫಾಲ್ಟ್ ಇಲ್ಲ ಅಂತ ಅಲ್ಲ. ಶಾರ್ಟ್ ಆದ್ರೆ, ಓವರ್‌ಲೋಡ್ ಆದ್ರೆ ಅದು ಬೀಳುತ್ತೆ. ಗೀಸರ್ ಬಾಡಿಗೆ ಲೀಕೇಜ್ ಬಂದು ಮನುಷ್ಯ ಸತ್ತರೂ 16 ಆಂಪಿಯರ್ ಎಂಸಿಬಿ ಸುಮ್ಮನೆ ಇರಬಹುದು. ಅದಕ್ಕೇ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ ಹಾಕೋದು. ಮುಟ್ಟಿಲ್ಲ ಅನ್ನೋರು ಎಂಸಿಬಿ ಮಾತ್ರ ನೋಡ್ತಿದ್ದಾರೆ.

ಹಾಗಂತ ಎಲ್ಲವನ್ನೂ ಸೆಕ್ಸ್ ಅನ್ನೋಕಾಗಲ್ಲ. ಹೆಂಡತಿ ಪಕ್ಕದ ಮನೆಯವರ ಜೊತೆ ನಕ್ಕಳು ಅಂತ ಇಲ್ಲಿಂದ ಫೋನ್ ಮಾಡಿ ಬೈಯೋರು ನಮ್ಮಲ್ಲೇ ಇದ್ದಾರೆ, ಅವರಿಗೆ ಹಬ್ಬ ಆಗಿಬಿಡುತ್ತೆ. ಕಾಮದ ಆಸೆ ತೀರಿಸಿಕೊಳ್ಳೋಕೆ ಅಂತಲೇ ಒಬ್ಬರು ಇನ್ನೊಬ್ಬರ ಜೊತೆ ಮಾಡಿದ್ದು, ಮುಟ್ಟಿರಲಿ ಬಿಡಲಿ, ನನ್ನ ಲೆಕ್ಕದಲ್ಲಿ ಸೆಕ್ಸೇ. ಮೊದಲು ಆ ಹೆಸರು ಒಪ್ಪಿಕೊಳ್ಳೋಣ. ಸರಿಯಾ ತಪ್ಪಾ, ಒಪ್ಪಿಗೆ ಇತ್ತಾ, ಯಾರಿಗೆ ಮಾತು ಕೊಟ್ಟಿದ್ದೆ, ಇವೆಲ್ಲ ಆಮೇಲೆ ಕೇಳೋ ಪ್ರಶ್ನೆ. ಹೆಸರೇ ಇಲ್ಲ ಅಂದ್ರೆ ಪ್ರಶ್ನೆ ಕೇಳೋಕೂ ಆಗಲ್ಲ.

ಪದಗಳೂ ನಮಗೆ ಸರಿಯಾಗಿಲ್ಲ. "ಸಂಬಂಧ" ಅಂದ್ರೆ ಹೆಣ್ಣು ನೋಡೋಕೂ ಅದೇ, ಕಳ್ಳ ವ್ಯವಹಾರಕ್ಕೂ ಅದೇ. ಬಲಾತ್ಕಾರ ಆದ್ರೆ "ಹುಡುಗೀನ ಕೆಡಿಸಿದ" ಅಂತೀವಿ. ಮಾಡಿದವನು ಅವನು, ಕೆಟ್ಟವಳು ಅವಳು.

ಕಾನೂನಿನಲ್ಲೂ ವ್ಯಾಖ್ಯೆ ಚಿಕ್ಕದಿದ್ದಾಗ ಏನಾಗುತ್ತೆ ನೋಡಿ. 2013ರ ತಿದ್ದುಪಡಿ ತನಕ ನಮ್ಮ ದೇಶದಲ್ಲಿ ಅತ್ಯಾಚಾರ ಅಂದ್ರೆ ಒಂದೇ ಕ್ರಿಯೆ. ಬೆರಳು, ವಸ್ತು ಬಳಸಿ ಹಿಂಸೆ ಕೊಟ್ಟರೂ ಆ ಹೆಸರು ಇರಲಿಲ್ಲ. ಈಗ ಇದೆ. ಆದರೆ 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಹೆಂಡತಿಗೆ 18 ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರ ಅಲ್ಲ ಅಂತ ಹಾಗೇ ಬಿಟ್ಟಿದ್ದಾರೆ.

ಇಲ್ಲಿ ನನ್ನದೂ ಹೇಳಬೇಕು. ಎರಡು ವರ್ಷ ಆದ್ಮೇಲೆ 40 ದಿನ ರಜೆಗೆ ಹೋದೆ. ಮನೆ ಮುಟ್ಟಿದ ರಾತ್ರಿಯೇ. ಅವಳಿಗೆ ಜ್ವರ ಬಿಟ್ಟು ಎರಡು ದಿನ ಆಗಿತ್ತು, ಸುಮ್ಮನಿದ್ದಳು. ಸುಮ್ಮನಿದ್ದಾಳೆ ಅಂದ್ರೆ ಒಪ್ಪಿದ್ದಾಳೆ ಅಂತ ನಾನೇ ಅಂದ್ಕೊಂಡೆ. ಹಣ ಕಳಿಸಿದ್ದೀನಿ, ಎರಡು ವರ್ಷ ತಡೆದಿದ್ದೀನಿ, ಇದು ನನ್ನ ಹಕ್ಕು ಅನ್ನೋದು ತಲೆಯಲ್ಲಿ ಇತ್ತು, ಸುಳ್ಳು ಹೇಳಲ್ಲ. ವಾಪಸ್ ಹೊರಡೋ ವಾರ, ಬ್ಯಾಗ್ ತುಂಬ್ತಾ ಅವಳು ಹೇಳಿದಳು, "ಅವತ್ತು ಒಂದು ಮಾತು ಕೇಳಬಹುದಿತ್ತು ರೀ."

ಇದನ್ನ ಸಭೆಯಲ್ಲಿ ಹೇಳ್ಲಾ ಅಂತ ಈ ಸಲ ಅವಳನ್ನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸುಮ್ಮನಿದ್ದೀಯಲ್ಲ, ಹೂಂ ಅಂತಾನಾ ಊಹೂಂ ಅಂತಾನಾ ಅಂದೆ. ನಕ್ಕು ಹೂಂ ಅಂದಳು.