ನಮ್ಮ ಪ್ರಾರ್ಥನೆಗಳಿಗೆ ಉತ್ತರವೇಕೆ ಸಿಗುತ್ತಿಲ್ಲ?

(ಕುಟುಂಬ ಸಮಾವೇಶವೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ಸತ್ಯವಿಶ್ವಾಸಿಯ ಮನಸ್ಸಿನಲ್ಲಿ ಆಗಾಗ ಹುಟ್ಟುವ, ಆದರೆ ಬಾಯಿಬಿಟ್ಟು ಕೇಳಲು ಆತ ಅಂಜುವ ಪ್ರಶ್ನೆಯೊಂದಿದೆ. ವರ್ಷಗಟ್ಟಲೆ ಪ್ರಾರ್ಥಿಸಿದೆ. ರಮಝಾನಿನ ರಾತ್ರಿಗಳಲ್ಲಿ ಕಣ್ಣೀರು ಸುರಿಸಿ ಬೇಡಿದೆ. ಆದರೂ ಮಗನಿಗೆ ಕೆಲಸ ಸಿಗಲಿಲ್ಲ, ಮಗಳಿಗೆ ಸಂಬಂಧ ಕೂಡಿಬರಲಿಲ್ಲ, ಸಾಲ ತೀರಲಿಲ್ಲ, ಕಾಯಿಲೆ ವಾಸಿಯಾಗಲಿಲ್ಲ. ಹಾಗಾದರೆ ಅಲ್ಲಾಹನು ನನ್ನ ಮೊರೆಯನ್ನು ಆಲಿಸಲಿಲ್ಲವೇ?

ಈ ಪ್ರಶ್ನೆ ಮೂಡುವುದು ವಿಶ್ವಾಸದ ಕೊರತೆಯಿಂದಲೇ ಎಂದು ಭಾವಿಸಬೇಕಾಗಿಲ್ಲ. ಆಲಿಸುವವನೊಬ್ಬನಿದ್ದಾನೆ ಎಂದು ನಂಬಿದವನನ್ನು ಮಾತ್ರ ಈ ಪ್ರಶ್ನೆ ಕಾಡುತ್ತದೆ. ಆದರೆ ಅದಕ್ಕೆ ಉತ್ತರವನ್ನು ನಮ್ಮ ಊಹೆಯಲ್ಲಿ ಹುಡುಕದೆ ಪವಿತ್ರ ಕುರ್‌ಆನ್ ಮತ್ತು ಪ್ರವಾದಿವರ್ಯರ(ಸ) ಜೀವನದಲ್ಲಿ ಹುಡುಕಬೇಕು.

ಅಲ್ ಬಕರಃ ಅಧ್ಯಾಯದಲ್ಲಿ ಜನರು ಪ್ರವಾದಿಯವರೊಡನೆ(ಸ) ಕೇಳಿದ ಹಲವು ಪ್ರಶ್ನೆಗಳ ಪ್ರಸ್ತಾಪವಿದೆ. ಚಂದ್ರನ ವೃದ್ಧಿಕ್ಷಯಗಳ ಬಗ್ಗೆ, ಮದ್ಯ ಮತ್ತು ಜೂಜಿನ ಬಗ್ಗೆ, ಅನಾಥರ ಬಗ್ಗೆ ಅವರು ಕೇಳಿದರು. ಅಲ್ಲೆಲ್ಲ ಉತ್ತರವನ್ನು ಜನರಿಗೆ ತಿಳಿಸಿಬಿಡಿರೆಂದು ಪ್ರವಾದಿಯವರಿಗೆ(ಸ) ಆದೇಶಿಸಲಾಗಿದೆ. ಆದರೆ 186ನೇ ಸೂಕ್ತದಲ್ಲಿ ದಾಸರು ಅಲ್ಲಾಹನ ಬಗ್ಗೆಯೇ ವಿಚಾರಿಸುವ ಸಂದರ್ಭ ಬಂದಾಗ ಆ ಆದೇಶವಿಲ್ಲ. ತಾನು ಹತ್ತಿರದಲ್ಲೇ ಇದ್ದೇನೆ, ಕರೆಯುವವನ ಕರೆಗೆ ಓಗೊಡುತ್ತೇನೆ ಎಂದು ಅವನೇ ನೇರವಾಗಿ ತಿಳಿಸುತ್ತಾನೆ. ದಾಸನ ಮತ್ತು ಒಡೆಯನ ನಡುವೆ ಯಾವ ಮಧ್ಯವರ್ತಿಯೂ ಇಲ್ಲ ಎಂಬುದನ್ನು ವಾಕ್ಯದ ರಚನೆಯೇ ಸಾರುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಆದ್ದರಿಂದ ಮೊರೆ ಅವನಿಗೆ ತಲುಪಲಿಲ್ಲ ಎಂಬ ಮಾತಿಗೆ ಆಸ್ಪದವೇ ಇಲ್ಲ.

ಆದರೆ ನಾವು ಈ ಸೂಕ್ತದ ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇವೆ. ದಾಸರು ತನ್ನ ಕರೆಗೂ ಓಗೊಡಲಿ ಎಂದು ಅದೇ ಸೂಕ್ತದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ಕರೆ ಎರಡೂ ಕಡೆಯಿಂದ ಇದೆ. ಅವನು ನನಗೆ ಉತ್ತರಿಸಿದನೇ ಎಂದು ಕೇಳುವ ಮೊದಲು ನಾನು ಅವನಿಗೆ ಉತ್ತರಿಸಿದೆನೇ ಎಂದು ಕೇಳಿಕೊಳ್ಳುವುದು ನ್ಯಾಯ.

ಇಲ್ಲಿ ಒಂದು ಅಪಾಯದ ಬಗ್ಗೆ ಎಚ್ಚರಿಸಲೇಬೇಕು. ಮಗುವನ್ನು ಕಳೆದುಕೊಂಡ ತಾಯಿಯ ಬಳಿ ಹೋಗಿ, ‘ನಿನ್ನ ಪ್ರಾರ್ಥನೆಯಲ್ಲಿ ಏನೋ ಲೋಪವಿತ್ತು’ ಎನ್ನುವವರು ನಮ್ಮ ನಡುವೆ ಇದ್ದಾರೆ. ಇದು ಕ್ರೌರ್ಯ ಮಾತ್ರವಲ್ಲ, ಅಜ್ಞಾನ ಕೂಡ. ಪ್ರವಾದಿವರ್ಯರ(ಸ) ಪ್ರಾರ್ಥನೆಗಿಂತ ಪರಿಶುದ್ಧವಾದ ಪ್ರಾರ್ಥನೆ ಯಾರದಿದೆ? ಹಾಗಿದ್ದೂ ಅವರ ಮಕ್ಕಳಲ್ಲಿ ಫಾತಿಮಾ(ರ) ಒಬ್ಬರನ್ನುಳಿದು ಎಲ್ಲರೂ ಅವರ ಜೀವಿತಾವಧಿಯಲ್ಲೇ ಇಹಲೋಕ ತ್ಯಜಿಸಿದರು. ಹಿಜರಿ 2ನೇ ವರ್ಷದ, ಅಂದರೆ ಕ್ರಿ.ಶ. 624ರ ರಮಝಾನನ್ನು ನೆನಪಿಸಿಕೊಳ್ಳಿರಿ. ಬದ್ರ್‌ನಲ್ಲಿ ಪ್ರವಾದಿಯವರು(ಸ) ಎಷ್ಟು ತನ್ಮಯರಾಗಿ ಕೈಯೆತ್ತಿ ಪ್ರಾರ್ಥಿಸಿದರೆಂದರೆ ಅವರ ಹೊದಿಕೆ ಭುಜದಿಂದ ಜಾರಿ ಬಿತ್ತು. ಹ. ಅಬೂಬಕರ್(ರ) ಅದನ್ನೆತ್ತಿ ಮತ್ತೆ ಹೊದಿಸಿದರು. ಆ ಪ್ರಾರ್ಥನೆ ಸ್ವೀಕೃತವಾಯಿತು. ಮುನ್ನೂರಕ್ಕೆ ತುಸು ಹೆಚ್ಚಿದ್ದ ಚಿಕ್ಕ ತಂಡವು ಸುಮಾರು ಸಾವಿರ ಮಂದಿಯ ಸೇನೆಯನ್ನು ಸೋಲಿಸಿತು. ಆದರೆ ಅದೇ ದಿನಗಳಲ್ಲಿ ಮದೀನಾದಲ್ಲಿ ಅವರ ಪುತ್ರಿ ರುಕಯ್ಯಾ(ರ) ರೋಗಶಯ್ಯೆಯಲ್ಲಿದ್ದರು. ಅವರ ಶುಶ್ರೂಷೆಗಾಗಿ ಪತಿ ಹ. ಉಸ್ಮಾನ್(ರ) ಯುದ್ಧಕ್ಕೆ ಹೋಗದೆ ಉಳಿದಿದ್ದರು. ಹ. ಝೈದ್ ಬಿನ್ ಹಾರಿಸಾ(ರ) ವಿಜಯದ ಸುದ್ದಿಯೊಂದಿಗೆ ಮದೀನಾ ತಲುಪಿದಾಗ ಜನರು ರುಕಯ್ಯಾರನ್ನು(ರ) ದಫನ ಮಾಡಿ ಮಣ್ಣು ಸಮಗೊಳಿಸುತ್ತಿದ್ದರು. ಒಂದೇ ವಾರದಲ್ಲಿ ಒಂದೇ ಮನೆಗೆ ವಿಜಯವೂ ಬಂತು, ಮರಣವೂ ಬಂತು. ಬದ್ರ್‌ನಲ್ಲಿ ಅಲ್ಲಾಹನು ಹತ್ತಿರವಿದ್ದ, ಮದೀನಾದಲ್ಲಿ ದೂರವಿದ್ದ ಎನ್ನಲು ಸಾಧ್ಯವೇ?

ಬೇಡಿದ್ದು ಸಿಗದಿರುವುದೆಂದರೆ ಉತ್ತರ ಸಿಗದಿರುವುದು ಎಂದರ್ಥವಲ್ಲ. ಹ. ಅಬೂ ಸಈದ್ ಅಲ್ ಖುದ್ರಿ(ರ) ವರದಿ ಮಾಡಿರುವ, ಮುಸ್ನದ್ ಅಹ್ಮದ್‌ನಲ್ಲಿರುವ ಹದೀಸ್ ಇದನ್ನು ಸ್ಪಷ್ಟಪಡಿಸುತ್ತದೆ. ಪಾಪಕೃತ್ಯಕ್ಕಾಗಿ ಅಥವಾ ಕುಟುಂಬ ಸಂಬಂಧ ಮುರಿಯುವುದಕ್ಕಾಗಿ ಅಲ್ಲದ ಪ್ರತಿಯೊಂದು ಪ್ರಾರ್ಥನೆಗೂ ಮೂರರಲ್ಲಿ ಒಂದು ಲಭಿಸುತ್ತದೆ. ಬೇಡಿದ್ದನ್ನು ಇಲ್ಲೇ ಕೊಡಲಾಗುತ್ತದೆ, ಇಲ್ಲವೇ ಪರಲೋಕಕ್ಕಾಗಿ ಕಾದಿರಿಸಲಾಗುತ್ತದೆ, ಇಲ್ಲವೇ ಅಷ್ಟೇ ಪ್ರಮಾಣದ ಕೇಡೊಂದನ್ನು ನಿವಾರಿಸಲಾಗುತ್ತದೆ. ತಡವಾಗುವುದೂ ತಿರಸ್ಕಾರವಲ್ಲ. ಕಅಬಾದ ಗೋಡೆಗಳನ್ನು ಎತ್ತರಿಸುತ್ತಾ ಆ ಜನರಲ್ಲೊಬ್ಬ ಸಂದೇಶವಾಹಕರನ್ನು ಎಬ್ಬಿಸೆಂದು ಪ್ರವಾದಿ ಇಬ್ರಾಹೀಮ್(ಅ) ಬೇಡಿದ್ದರು. ಆ ಪ್ರಾರ್ಥನೆ ಎಷ್ಟೋ ತಲೆಮಾರುಗಳ ಬಳಿಕ ಫಲಿಸಿತು. ಫಿರ್‌ಔನನ ವಿರುದ್ಧ ಪ್ರವಾದಿ ಮೂಸಾ(ಅ) ಬೇಡಿದಾಗ ಪ್ರಾರ್ಥನೆ ಸ್ವೀಕೃತವಾಯಿತೆಂದು ತಿಳಿಸಿದ ಸೂಕ್ತದಲ್ಲೇ ಸ್ಥಿರಚಿತ್ತರಾಗಿರಬೇಕೆಂಬ ಆದೇಶವೂ ಇದೆ (ಯೂನುಸ್: 89). ಸ್ವೀಕಾರದ ನಂತರವೂ ಕಾಯುವ ಕೆಲಸ ಉಳಿದಿರುತ್ತದೆ. ‘ಬೇಡಿದೆ, ಸಿಗಲಿಲ್ಲ’ ಎಂದು ಆತುರಪಟ್ಟು ಕೈಬಿಡುವವನು ತನ್ನ ಪ್ರಾರ್ಥನೆಯನ್ನು ತಾನೇ ಕೆಡಿಸಿಕೊಳ್ಳುತ್ತಾನೆಂದು ಪ್ರವಾದಿಯವರು(ಸ) ಎಚ್ಚರಿಸಿರುವುದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ.

ದುಃಖಿತರಿಗೆ ಇಷ್ಟು ಸಾಂತ್ವನ ಸಾಕು. ಆದರೆ ಆರೋಗ್ಯವಾಗಿ, ಅನುಕೂಲವಾಗಿ ಬದುಕುತ್ತಾ ಸಮುದಾಯದ ಪ್ರಾರ್ಥನೆಗಳೇಕೆ ಫಲಿಸುತ್ತಿಲ್ಲವೆಂದು ಕೇಳುವ ನಮ್ಮಂತಹವರಿಗೆ ಸಾಂತ್ವನ ಸಾಲದು, ಆತ್ಮಾವಲೋಕನ ಬೇಕು.

ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸೊಂದರಲ್ಲಿ ಪ್ರವಾದಿಯವರು(ಸ) ಒಬ್ಬ ಮನುಷ್ಯನನ್ನು ಚಿತ್ರಿಸಿದ್ದಾರೆ. ಆತ ದೂರದ ಪ್ರಯಾಣಿಕ. ಕೂದಲು ಕೆದರಿದೆ, ಮೈಯೆಲ್ಲಾ ಧೂಳು. ಆಕಾಶದೆಡೆಗೆ ಕೈಚಾಚಿ ಪ್ರಭುವನ್ನು ಕೂಗುತ್ತಿದ್ದಾನೆ. ಪ್ರಾರ್ಥನೆ ಸ್ವೀಕೃತವಾಗಲು ಬೇಕಾದ ಎಲ್ಲವೂ ಅಲ್ಲಿದೆ. ಪ್ರಯಾಣ, ಸಂಕಷ್ಟ, ವಿನಯ, ಎತ್ತಿದ ಕೈಗಳು, ಹೀಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಆತನ ಆಹಾರ ಹರಾಮ್, ಪಾನೀಯ ಹರಾಮ್, ಉಡುಪು ಹರಾಮ್. ಅಂತಹವನಿಗೆ ಉತ್ತರ ಸಿಗುವುದಾದರೂ ಹೇಗೆಂದು ಪ್ರವಾದಿಯವರು(ಸ) ಕೇಳಿದರು.

ನಾವು ಹರಾಮ್ ಎಂದೊಡನೆ ಮದ್ಯ ಮತ್ತು ಹಂದಿಮಾಂಸವನ್ನು ನೆನೆದು ನೆಮ್ಮದಿಯಿಂದಿರುತ್ತೇವೆ. ಆದರೆ ಪ್ರಾರ್ಥನೆಯ ಸೂಕ್ತ ಯಾವ ಸ್ಥಾನದಲ್ಲಿದೆಯೆಂದು ಕುರ್‌ಆನ್ ತೆರೆದು ನೋಡಿರಿ. ಉಪವಾಸದ ಆದೇಶಗಳ ನಡುವೆ ಆ ಸೂಕ್ತ ಬರುತ್ತದೆ. ಉಪವಾಸದ ವಿಧಿಗಳು ಮುಗಿದೊಡನೆ 188ನೇ ಸೂಕ್ತವು ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನೂ ಅದಕ್ಕಾಗಿ ಅಧಿಕಾರಿಗಳನ್ನು ಬಳಸಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಹಗಲಿಡೀ ಹಲಾಲ್ ಆಹಾರದಿಂದ ದೂರವಿದ್ದವನು ವರ್ಷವಿಡೀ ಹರಾಮ್ ಸಂಪತ್ತಿನಿಂದ ದೂರವಿರಲಾರನೇ ಎಂಬ ಪ್ರಶ್ನೆ ಈ ಕ್ರಮದಲ್ಲೇ ಅಡಗಿದೆ.

ಈಗ ನಮ್ಮ ಮನೆಗಳತ್ತ ಬನ್ನಿರಿ. ಕುರ್‌ಆನ್ ವಧುವಿಗೆ ಮಹ್ರ್ ಕೊಡಬೇಕೆಂದು ವರನಿಗೆ ಆದೇಶಿಸಿದೆ. ನಾವು ವಧುವಿನ ತಂದೆಯಿಂದ ಚಿನ್ನ, ನಗದು, ವಾಹನ ಪಡೆದು, ಅದರಲ್ಲೊಂದು ಚೂರನ್ನು ಮಹ್ರ್ ಎಂದು ಹೆಸರಿಸಿ ಮರಳಿಸುತ್ತೇವೆ. ದೇಶದ ಕಾನೂನು 1961ರಲ್ಲೇ ವರದಕ್ಷಿಣೆಯನ್ನು ಅಪರಾಧವೆಂದು ಸಾರಿದೆ. ಅದಕ್ಕೂ ನಾವು ಅಂಜುವುದಿಲ್ಲ. ಆ ತಂದೆ ಮನೆ ಅಡವಿಟ್ಟು, ಬಡ್ಡಿಗೆ ಸಾಲ ತಂದು ನಿಕಾಹ್‌ನ ದಿನ ನಗುಮುಖದಿಂದ ನಿಲ್ಲುತ್ತಾನೆ. ನಿಕಾಹ್ ಮುಗಿದೊಡನೆ ನಾವೆಲ್ಲ ಕೈಯೆತ್ತಿ ದಂಪತಿಗೆ ಸಮೃದ್ಧಿಯನ್ನು ಬೇಡುತ್ತೇವೆ. ಆ ಹೊತ್ತಿನಲ್ಲಿ ಆ ತಂದೆ ಮನಸ್ಸಿನೊಳಗೆ ಏನನ್ನು ಬೇಡುತ್ತಿರಬಹುದೆಂದು ಯಾರಾದರೂ ಯೋಚಿಸಿದ್ದೇವೆಯೇ?

ಅನ್ನಿಸಾ ಅಧ್ಯಾಯವು ತಂದೆತಾಯಿಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲನ್ನು ನಿಗದಿಪಡಿಸಿದೆ. ಅದು ಸಹೋದರರ ಔದಾರ್ಯವಲ್ಲ, ಅಲ್ಲಾಹನು ಕೊಟ್ಟ ಹಕ್ಕು. ಹೀಗಿರುವಾಗ ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ನೆಪದಲ್ಲಿ ಸಹೋದರಿಯಿಂದ ಸಹಿ ಹಾಕಿಸಿಕೊಳ್ಳುವವರು ಮೊದಲ ಸಾಲಿನಲ್ಲಿ ನಮಾಝ್‌ಗೆ ನಿಲ್ಲುತ್ತಾರೆ. ತವರು ಮನೆಯ ಬಾಗಿಲು ಮುಚ್ಚೀತೆಂಬ ಭಯದಿಂದ ಆಕೆ ಸಹಿ ಹಾಕುತ್ತಾಳೆ. ಅದನ್ನು ನಾವು ಆಕೆಯ ಒಪ್ಪಿಗೆ ಎನ್ನುತ್ತೇವೆ. ಅಂಗಡಿಯಲ್ಲಿ ದುಡಿಯುವ ಹುಡುಗನ ಸಂಬಳ ತಿಂಗಳು ಕಳೆದರೂ ಬಾಕಿ, ಆದರೆ ಯಜಮಾನ ಉಮ್ರಾಕ್ಕೆ ಹೊರಟಿದ್ದಾನೆ!

ಹ. ಮುಆದ್‌ರನ್ನು(ರ) ಯಮನ್‌ಗೆ ಕಳುಹಿಸುವಾಗ ಪ್ರವಾದಿಯವರು(ಸ) ನೀಡಿದ ಉಪದೇಶಗಳಲ್ಲಿ ಕೊನೆಯದು ಮರ್ದಿತನ ಮೊರೆಯನ್ನು ಭಯಪಡಬೇಕೆಂಬುದು. ಆ ಮೊರೆಗೂ ಅಲ್ಲಾಹನಿಗೂ ನಡುವೆ ಯಾವ ತೆರೆಯೂ ಇಲ್ಲ. ಆತ ಅವಿಶ್ವಾಸಿಯಾಗಿದ್ದರೂ ಸರಿ ಎಂಬ ವರದಿಯೂ ಇದೆ. ಸಹೋದರರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿರಿ. ಒಂದೇ ಊರಿನಿಂದ, ಒಮ್ಮೊಮ್ಮೆ ಒಂದೇ ಮನೆಯಿಂದ ಎರಡು ಪ್ರಾರ್ಥನೆಗಳು ಮೇಲೇರುತ್ತವೆ. ಒಂದು, ವ್ಯಾಪಾರದಲ್ಲಿ ಸಮೃದ್ಧಿ ಬೇಡುವ ನಮ್ಮದು. ಇನ್ನೊಂದು, ನಾವು ಹಕ್ಕು ಕಿತ್ತುಕೊಂಡ ಸಹೋದರಿಯದ್ದು, ಸೊಸೆಯದ್ದು, ಕೆಲಸಗಾರನದ್ದು. ನಮ್ಮ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲವೆಂದು ನಾವು ಗೋಳಿಡುತ್ತೇವೆ. ಆದರೆ ಉತ್ತರ ಸಿಕ್ಕಿರುವುದು ಅವರ ಪ್ರಾರ್ಥನೆಗೆ ಇರಬಾರದೇಕೆ?

ಗುಹೆಯಲ್ಲಿ ಸಿಲುಕಿದ ಮೂವರ ಘಟನೆ ನಿಮಗೆಲ್ಲ ತಿಳಿದಿದೆ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಅದು ವರದಿಯಾಗಿದೆ. ಬಂಡೆ ಉರುಳಿ ಗುಹೆಯ ಬಾಯಿ ಮುಚ್ಚಿದಾಗ ಅವರು ತಮ್ಮ ಒಂದೊಂದು ಸತ್ಕರ್ಮವನ್ನು ಮುಂದಿಟ್ಟು ಪ್ರಾರ್ಥಿಸಿದರು. ಅವರಲ್ಲಿ ಯಾರೂ ತಮ್ಮ ಐಚ್ಛಿಕ ನಮಾಝ್‌ಗಳನ್ನೋ ಉಪವಾಸಗಳನ್ನೋ ಎಣಿಸಲಿಲ್ಲ. ಒಬ್ಬ ವೃದ್ಧ ತಂದೆತಾಯಿಗಾಗಿ ಹಾಲಿನ ಪಾತ್ರೆ ಹಿಡಿದು ಬೆಳಗಿನವರೆಗೆ ಕಾದಿದ್ದ. ಇನ್ನೊಬ್ಬ ಬಡತನದಿಂದಾಗಿ ತನ್ನ ವಶಕ್ಕೆ ಬಂದ ಹೆಣ್ಣಿನ ಮಾನವನ್ನು ದೇವಭಯದಿಂದ ಕಾಪಾಡಿದ್ದ. ಮತ್ತೊಬ್ಬ ಕೂಲಿ ಬಿಟ್ಟುಹೋದ ಕಾರ್ಮಿಕನ ಹಣವನ್ನು ಬೆಳೆಸಿ, ಆತ ಬಂದಾಗ ಜಾನುವಾರು ಸಹಿತ ಒಪ್ಪಿಸಿದ್ದ. ಮೂರೂ ಮನುಷ್ಯರೊಂದಿಗಿನ ವ್ಯವಹಾರಗಳು. ಆ ಬಂಡೆಯನ್ನು ಸರಿಸಿದ್ದು ಅವೇ.

ಸಮುದಾಯದ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಪ್ರತಿ ಶುಕ್ರವಾರ ನಾವು ಸಮುದಾಯದ ಏಳಿಗೆಗಾಗಿ ಆಮೀನ್ ಹೇಳುತ್ತೇವೆ. 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ನ್ಯಾಯಮೂರ್ತಿ ಸಾಚಾರ್ ಸಮಿತಿಯ ವರದಿಯು ನಮ್ಮ ಸ್ಥಿತಿಯನ್ನು ಅಂಕಿಅಂಶ ಸಹಿತ ದೇಶದ ಮುಂದಿಟ್ಟಿತು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದಾಗ ಮುಸ್ಲಿಮರದ್ದು ಶೇ. 59.1 ಇತ್ತು. ಸರಕಾರದ ಹೊಣೆಯನ್ನು ನೆನಪಿಸುವುದು ನಮ್ಮ ಹಕ್ಕು. ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಒಂದು ಮದುವೆಯ ಊಟಕ್ಕೆ ಸುರಿಯುವ ಹಣವನ್ನು ಮೊಹಲ್ಲಾದ ಬಡ ಮಕ್ಕಳ ಶುಲ್ಕಕ್ಕೆ ಕೊಡಬಾರದೆಂದು ಯಾವ ಸರಕಾರ ತಡೆದಿದೆ? ಬದ್ರ್‌ನಲ್ಲಿ ಪ್ರವಾದಿಯವರು(ಸ) ಸಮಾಲೋಚನೆ ನಡೆಸಿದರು, ನೀರಿನ ಬಾವಿಯ ಬಳಿ ನೆಲೆ ನಿಂತರು, ಸಾಲುಗಳನ್ನು ನೇರ್ಪುಗೊಳಿಸಿದರು. ಆ ಬಳಿಕ ಕೈಯೆತ್ತಿದರು. ನಾವು ಕೈಯನ್ನು ಮಾತ್ರ ಎತ್ತುತ್ತೇವೆ.

ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಹೊಣೆಯನ್ನು ಕೈಬಿಟ್ಟರೆ ಪ್ರಾರ್ಥನೆಗೆ ಉತ್ತರ ಸಿಗದ ಕಾಲ ಬರುವುದೆಂದು ಪ್ರವಾದಿಯವರು(ಸ) ಎಚ್ಚರಿಸಿರುವುದನ್ನು ತಿರ್ಮಿದಿ ಉದ್ಧರಿಸಿದ್ದಾರೆ. ವರದಕ್ಷಿಣೆಯ ಮದುವೆಯಲ್ಲಿ ಮೌನವಾಗಿ ಉಂಡು ಬರುವ ನಮಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಇನ್ನೊಂದು ಹದೀಸ್ ಇದೆ. ಒಮ್ಮೆ ಪ್ರವಾದಿಯವರು(ಸ) ತನ್ನ ಸಮುದಾಯಕ್ಕಾಗಿ ಮೂರು ವಿಷಯಗಳನ್ನು ಬೇಡಿದರು. ಅದು ಕ್ಷಾಮದಿಂದ ನಾಶವಾಗದಿರಲಿ, ಮುಳುಗಿ ನಾಶವಾಗದಿರಲಿ ಎಂಬ ಎರಡು ಬೇಡಿಕೆಗಳು ಸ್ವೀಕೃತವಾದವು. ಪರಸ್ಪರ ಕಚ್ಚಾಡದಿರಲಿ ಎಂಬ ಮೂರನೆಯದನ್ನು ತಡೆಹಿಡಿಯಲಾಯಿತು. ಪ್ರವಾದಿಯ(ಸ) ಪ್ರಾರ್ಥನೆಯೂ ಆ ಕೆಲಸವನ್ನು ನಮ್ಮ ಪಾಲಿಗೆ ಮಾಡಿಕೊಡಲಿಲ್ಲ. ಅದು ನಮ್ಮ ಪರೀಕ್ಷೆಯಾಗಿ ಉಳಿಯಿತು. ಮಸೀದಿಯ ಆಡಳಿತಕ್ಕಾಗಿ, ಪಂಗಡದ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲೇರುವವರು ಐಕ್ಯಕ್ಕಾಗಿ ದುಆ ಮಾಡಿಸುವ ಮುನ್ನ ಇದನ್ನು ನೆನಪಿಡಬೇಕು.

ಪ್ರಾರ್ಥನೆಯನ್ನು ನಿಲ್ಲಿಸಿರೆಂದು ಇದರರ್ಥವಲ್ಲ. ಪಾಪಿಗೂ ಅವನ ಬಾಗಿಲು ತೆರೆದಿದೆ. ಆದರೆ ಇಂದು ಮನೆಗೆ ಹೋಗಿ ಮಗ್ರಿಬ್‌ನ ಬಳಿಕ ಕೈಯೆತ್ತುವ ಮೊದಲು ಲೆಕ್ಕ ಹಾಕಿರಿ. ಯಾರ ಪಾಲು ನಮ್ಮ ಬಳಿ ಇದೆ? ಯಾರ ಕೂಲಿ ಬಾಕಿಯಿದೆ? ಯಾವ ಸಹೋದರಿ ನಮ್ಮ ಹೊಸ್ತಿಲು ತುಳಿಯದೆ ವರ್ಷಗಳಾದವು? ಪಡೆದ ವರದಕ್ಷಿಣೆಯನ್ನು ಮರಳಿಸಿರಿ. ಒಮ್ಮೆಲೇ ಆಗದಿದ್ದರೆ ಕಂತುಗಳಲ್ಲಾದರೂ ಮರಳಿಸಿರಿ. ಅಲ್ಲಾಹನಿಂದ ಉತ್ತರವನ್ನು ನಿರೀಕ್ಷಿಸುವ ಕೈಗಳಲ್ಲಿ ಇತರರ ಹಕ್ಕು ಇರದಿರಲಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ತನ್ನ ಕರೆಗೆ ಓಗೊಡುವ ಭಾಗ್ಯವನ್ನು ನಮಗೆ ಕರುಣಿಸಲಿ, ನಮ್ಮ ಮೊರೆಗಳನ್ನು ಸ್ವೀಕರಿಸಲಿ. ಆಮೀನ್.